ಕಂಸ ಬಿದ್ದ ಹೆಸರು

ನಮ್ಮ ಮನೆಯಲ್ಲಿ ನೂರಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಮೊನ್ನೆ ಮೊನ್ನೆಯವರೆಗೂ ಬದುಕಿದ್ದ. ಅವನನ್ನು ನಾನು ನೋಡಿಲ್ಲ, ನನ್ನ ಅಪ್ಪನೂ ನೋಡಿಲ್ಲ. ಅಪ್ಪನ ಅಪ್ಪ ಇನ್ನೂ ಕೈಗೂಸಾಗಿದ್ದಾಗಲೇ ಅವನು ಮೊದಲ ಮಹಾಯುದ್ಧದ ದಂಡಿಗೆ ಸೇರಿ, ಹಡಗು ಹತ್ತಿ ಅರಬ್ಬರ ನಾಡಿನ ಬಸ್ರಾಕ್ಕೆ ಹೋಗಿದ್ದ. ಅವನು ಸತ್ತ ಸುದ್ದಿ ಬರಲಿಲ್ಲ. ಸುದ್ದಿ ಬರದ್ದರಿಂದ ನಮ್ಮ ಮನೆಯ ಮಟ್ಟಿಗೆ ಅವನು ಸಾಯಲೂ ಇಲ್ಲ. ಇದನ್ನು ಹೇಳಿದರೆ ಯಾರಾದರೂ ನಗುತ್ತಾರೆ. ಆಫೀಸಿನಲ್ಲಿ ಹೇಳುವಾಗ ನಾನೂ ನಗುತ್ತಲೇ ಹೇಳಿದ್ದೆ. ಅಪ್ಪನ ಎದುರಿಗೆ ನಗುವ ಧೈರ್ಯ ಮಾತ್ರ ನಮಗ್ಯಾರಿಗೂ ಇರಲಿಲ್ಲ.

ಅವನು ಅಪ್ಪನ ಅಜ್ಜ. ವಿಜಯಪುರದ ಕಡೆಯವರಾದ ನಾವು ಅಜ್ಜನಿಗೆ ಮುತ್ಯಾ ಎನ್ನುತ್ತೇವೆ, ಅಜ್ಜಿಗೆ ಆಯಿ ಎನ್ನುತ್ತೇವೆ. ಆಯಿ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನನ್ನು ಊರ ಹೊರಗಿನವರೆಗೆ ಕಳಿಸಿ ಬಂದವಳು. ಸ್ವಲ್ಪ ದಿನ ಮನಿಯಾರ್ಡರ್ ಬಂತು, ಆಮೇಲೆ ನಿಂತಿತು. ಲಡಾಯಿ ಮುಗಿಯಿತು. ಸುತ್ತಲ ಹಳ್ಳಿಗಳಿಂದ ಹೋಗಿದ್ದವರಲ್ಲಿ ಕೆಲವರು ತಿರುಗಿ ಬಂದರು, ಇನ್ನು ಕೆಲವರ ಮನೆಗೆ ಸತ್ತ ಕಾಗದ ಬಂತು. ಆಯಿಗೆ ಗಂಡನೂ ಬರಲಿಲ್ಲ, ಕಾಗದವೂ ಬರಲಿಲ್ಲ. ಅವಳು ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಊರವರು ಮೊದಮೊದಲು ಮರುಗಿದರು, ಆಮೇಲೆ ಬೆನ್ನ ಹಿಂದೆ ಆಡಿಕೊಂಡರು, ಕೊನೆಗೆ ಮುಖದೆದುರಿಗೇ ಆಡತೊಡಗಿದರು.

ಮಹಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ಮನೆಯಲ್ಲಿ ತೀರಿಹೋದ ಒಬ್ಬೊಬ್ಬರ ಹೆಸರಿಗೂ ಒಂದೊಂದು ಎಲೆ ಹಾಕಿ, ಅಡುಗೆ ಬಡಿಸಿ ಎಡೆ ಇಡುತ್ತೇವೆ. ಬಡಿಸಬೇಕಾದವನು ಮನೆಯ ಗಂಡಸು. ಆಯಿ ಸಾಯುವ ಮುಂಚೆ ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದ ಮಾತನ್ನು ಅಪ್ಪ ಒಂದಕ್ಷರ ಬದಲಿಸದೆ ನಮಗೆ ಒಪ್ಪಿಸುತ್ತಿದ್ದ. “ಸುದ್ದಿ ಬರೂತನಕ ಅವರಿಗೆ ಎಡಿ ಇಡಬ್ಯಾಡ್ರಿ. ಇದ್ದವರಿಗೆ ಎಡಿ ಇಟ್ರ ಆಯುಷ್ಯ ಕಡಿಮಿ ಆಗತದ. ಸುದ್ದಿ ಬಂದ ಮ್ಯಾಲ ಮಾತ್ರ ಬಿಡಬ್ಯಾಡ್ರಿ, ಇಡ್ರಿ.” ಆ ಮಾತಿಗೆ ಅವಳ ಮಗ ತಪ್ಪಲಿಲ್ಲ. ಮಗನ ಮಗನಾದ ನನ್ನ ಅಪ್ಪನೂ ತಪ್ಪಲಿಲ್ಲ. ಎಲ್ಲರ ಎಲೆಯೂ ಬೀಳುತ್ತಿತ್ತು, ಮುತ್ಯಾನ ಎಲೆ ಮಾತ್ರ ಬೀಳುತ್ತಿರಲಿಲ್ಲ.

ಆಯಿ ಹೋದಾಗ ಅಪ್ಪ ಶಾಲೆಯ ಮೂರನೇ ಇಯತ್ತೆಯಲ್ಲಿದ್ದ. ಹೆಣಕ್ಕೆ ನೀರು ಹಾಕುವ ಹೊತ್ತಿಗೆ ಓಣಿಯ ಹೆಂಗಸರಲ್ಲಿ ಜಗಳ ಹತ್ತಿತಂತೆ. ಮುತ್ತೈದೆ ಸತ್ತರೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸಬೇಕು. ಗಂಡ ಹೋಗಿ ಇಷ್ಟು ವರ್ಷವಾಯಿತು, ಇವಳೆಂಥ ಮುತ್ತೈದೆ, ಇವಳಿಗೆ ಉಡಿ ತುಂಬಿದರೆ ನಮ್ಮ ಕುಂಕುಮಕ್ಕೆ ಕೇಡು ಎಂದರು ಹಿರಿಯ ಹೆಂಗಸರು. ಅವಳ ಮಗ ಕೈ ಮುಗಿದ, ಬೈದ, ಅತ್ತ. ಏನೂ ನಡೆಯಲಿಲ್ಲ. ಒಬ್ಬಳು ಸೆರಗನ್ನು ನೀರಿಗೆ ಅದ್ದಿ ಆಯಿಯ ಹಣೆ ಒರೆಸಿದಳು. ಬಾಗಿಲ ಸಂದಿಯಲ್ಲಿ ನಿಂತು ಅಪ್ಪ ಅದನ್ನು ನೋಡಿದ. ದಿನಾ ತನ್ನ ಎದುರಿಗೇ ಕನ್ನಡಿ ಹಿಡಿದು ಅವಳು ಹಚ್ಚಿಕೊಳ್ಳುತ್ತಿದ್ದ ಕುಂಕುಮ ಅದು ಎಂದು ಹೇಳುವಾಗ ಎಪ್ಪತ್ತು ದಾಟಿದ ಅಪ್ಪ ತನ್ನ ಹಣೆಯನ್ನೇ ಬೆರಳಿನಿಂದ ಮುಟ್ಟಿಕೊಳ್ಳುತ್ತಿದ್ದ.

ಅದಕ್ಕೇ ಅಪ್ಪನಿಗೆ ಬೇಕಾಗಿದ್ದದ್ದು ಸುದ್ದಿ. ಅವನು ಎಲ್ಲಿ ಸತ್ತ, ಯಾವಾಗ ಸತ್ತ. ಯಾವ ಉತ್ತರ ಬಂದರೂ ಏನಾದರೊಂದು ಕಳೆದುಕೊಳ್ಳಲೇಬೇಕು ಎಂಬುದೂ ಅಪ್ಪನಿಗೆ ಗೊತ್ತಿತ್ತು. ಲಡಾಯಿಯಲ್ಲೇ ಸತ್ತಿದ್ದರೆ ಆ ಹೆಂಗಸರು ಅಂದದ್ದು ಸರಿ, ಆಯಿ ಹಚ್ಚಿಕೊಂಡ ಕುಂಕುಮವೆಲ್ಲ ಸುಳ್ಳು. ಆಮೇಲೆ ಎಲ್ಲೋ ಬದುಕಿದ್ದರೆ ಕುಂಕುಮ ಖರೆ, ಆದರೆ ಅವನು ಆಕೆಯನ್ನು ಬಿಟ್ಟುಹೋದವನು. ಅಪ್ಪ ಮನಸ್ಸಿನಲ್ಲಿ ಮೊದಲನೆಯದನ್ನೇ ಆರಿಸಿಕೊಂಡಿದ್ದ. “ಬಸ್ರಾದಾಗ ಸತ್ತಿರಲಿ. ಯಾರದೂ ತಪ್ಪಿರೂದಿಲ್ಲ,” ಎನ್ನುತ್ತಿದ್ದ. ನಾನು ಅವನ ಒಬ್ಬಳೇ ಮಗಳು. ಅಪ್ಪನ ನಂತರ ಎಡೆ ಬಡಿಸಲು ನಮ್ಮ ಮನೆಯಲ್ಲಿ ಗಂಡಸಿಲ್ಲ. ಇದು ಮುಗಿಯುವುದಿದ್ದರೆ ಅಪ್ಪನ ಕೈಯಲ್ಲೇ ಮುಗಿಯಬೇಕಿತ್ತು.

ಅಪ್ಪ ತಲಾಠಿ, ಎಂದರೆ ಊರಿನ ಲೆಕ್ಕಿಗನಾಗಿದ್ದವನು. ಊರ ಹೊಲಗದ್ದೆಗಳ ಪಹಣಿ ಉತಾರ ಬರೆಯುವುದು, ಯಾರಾದರೂ ಸತ್ತರೆ ಅವರ ಹೆಸರಿಗೆ ಕಂಸ ಹಾಕಿ ಕೆಳಗೆ ವಾರಸುದಾರರ ಹೆಸರು ಏರಿಸುವುದು ಅವನ ಕೆಲಸ. ಎಷ್ಟೋ ಜನರನ್ನು ಹೀಗೆ ಕಂಸದೊಳಗೆ ಹಾಕಿದವನಿಗೆ ತನ್ನ ಅಜ್ಜನನ್ನು ಹಾಕಲು ಆಗಲಿಲ್ಲ. ಕೃಷ್ಣೆಯ ಹಿನ್ನೀರಿಗೆ ನಮ್ಮ ಊರು ಮುಳುಗುವಾಗ ಮುತ್ಯಾನ ಪಾಲಿನ ಹೊಲ ಇನ್ನೂ ಅವನ ಹೆಸರಿನಲ್ಲೇ ಇತ್ತು. ಅವನು ಸತ್ತಿದ್ದಾನೆ ಎಂದು ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದರೆ ಪರಿಹಾರ ನಮ್ಮ ಕೈಗೆ ಬರುತ್ತಿತ್ತು. ಬೇರೆ ಮನೆ ಮಾಡಿದ್ದ ದೊಡ್ಡಪ್ಪ ಚಿಕ್ಕಪ್ಪಂದಿರು ತಮ್ಮ ಪಾಲಿಗೆ ಹಾಕಿದರು, ತಗೊಂಡರು. ಅಪ್ಪ ಹಾಕಲಿಲ್ಲ. ಸುದ್ದಿ ಬಂದಿಲ್ಲವಲ್ಲ ಎಂದ. ಅವ್ವ ಆ ವರ್ಷವೆಲ್ಲ ಅಪ್ಪನ ಜೊತೆ ಸರಿಯಾಗಿ ಮಾತಾಡಿದ್ದು ನನಗೆ ನೆನಪಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ನಾನು ಇಲ್ಲಿಗೆ, ಕೊಲ್ಲಿ ದೇಶದ ಅಲ್ ವುಕೈರ್‌ನ ನಮ್ಮ ಫ್ಲಾಟಿಗೆ ಕರೆದುಕೊಂಡು ಬಂದೆ. ಮಗಳ ಮನೆಯಲ್ಲಿ ಇರಲಾರೆ ಎಂದು ಮೊದಲು ಹಟ ಹಿಡಿದಿದ್ದ. ಬಸ್ರಾ ಇದೇ ಸಮುದ್ರದ ಮೇಲ್ತುದಿಯಲ್ಲಿದೆ ಎಂದು ನನ್ನ ಗಂಡ ನಕಾಶೆ ತೆಗೆದು ತೋರಿಸಿದ ಮೇಲೆ ತಾನಾಗಿಯೇ ಬಟ್ಟೆ ಜೋಡಿಸಿಕೊಂಡ. ಬಂದ ಹೊಸದರಲ್ಲಿ ಅಲ್ ವಕ್ರಾದ ದಂಡೆಗೆ ಕರೆದುಕೊಂಡು ಹೋದರೆ ಉತ್ತರ ಯಾವ ಕಡೆ ಎಂದು ಕೇಳಿ ಅತ್ತ ಮುಖ ಮಾಡಿ ನಿಲ್ಲುತ್ತಿದ್ದ. ನಮಸ್ಕಾರ ಮಾಡುತ್ತಿರಲಿಲ್ಲ. ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದವನಿಗೆ ಹೇಗೆ ನಮಸ್ಕಾರ ಮಾಡುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಕಿಡ್ನಿ ಕೈಕೊಟ್ಟಿತು. ವಾರದಲ್ಲಿ ಅರ್ಧ ದಿನಗಳು ಡಯಾಲಿಸಿಸ್‌ಗೇ ಹೋಗತೊಡಗಿದವು, ದಂಡೆಗೆ ಹೋಗುವುದು ನಿಂತಿತು.

ನಾನು ಅಲ್ ಸದ್ದ್‌ನ ಒಂದು ಕನ್‌ಸ್ಟ್ರಕ್ಷನ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ಡ್ರಾಯಿಂಗ್ ಯಾರಿಗೆ ಹೋಯಿತು, ಯಾವಾಗ ತಿರುಗಿ ಬಂತು, ಹೊಸದು ಬಂದಾಗ ಹಳೆಯದರ ಮೇಲೆ ರದ್ದಿನ ಮೊಹರು ಬಿತ್ತೋ ಇಲ್ಲವೋ ಎಂದು ನೋಡುತ್ತ ಕೂರುವುದು ನನ್ನ ಕೆಲಸ. ಯಾವ ಕಾಗದವೂ ಸುಮ್ಮನೆ ಮಾಯವಾಗುವುದಿಲ್ಲ, ಎಲ್ಲೋ ತಪ್ಪು ಫೋಲ್ಡರಿನಲ್ಲಿ ಕೂತಿರುತ್ತದೆ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಡಯಾಲಿಸಿಸ್ ಮುಗಿಸಿ ಕಾರಿನಲ್ಲಿ ಬರುವಾಗ ಅಪ್ಪ ಒಂದು ದಿನ ಕಿಟಕಿಯ ಕಡೆ ನೋಡುತ್ತ, “ನಿನ್ನ ಕೈಯಾಗ ಇಷ್ಟೆಲ್ಲಾ ಕಾಗದ ಸಿಗತಾವ. ನಂದೊಂದು ಹುಡುಕಿ ಕೊಡು, ಯವ್ವಾ,” ಎಂದ. ಅವನು ನನ್ನಿಂದ ಏನನ್ನೂ ಕೇಳಿದವನಲ್ಲ. ನಾನು ಆಯಿತು ಎಂದೆ.

ಮೊದಲು ಹುಡುಕಿದ್ದು ಬಸ್ರಾದಲ್ಲಿ ಸತ್ತವರ ಹೆಸರುಗಳ ಪಟ್ಟಿಗಳನ್ನು. ನಾವೆಲ್ಲ ನೂರು ವರ್ಷ ಅತ್ತ ಮುಖ ಮಾಡಿಯೇ ಕೂತವರಲ್ಲವೇ. ಅವನಂಥದೇ ಹೆಸರಿನವರು ಬಹಳ ಜನ ಸತ್ತಿದ್ದರು. ಒಬ್ಬನ ತಂದೆಯ ಹೆಸರು ಬೇರೆ, ಇನ್ನೊಬ್ಬನ ಜಿಲ್ಲೆ ಬೇರೆ. ಹೆಸರೇ ಬರೆಯದೆ ಬರೀ ಎಣಿಕೆಯಲ್ಲಿ ಸೇರಿಸಿಬಿಟ್ಟವರೂ ಇದ್ದರು. ಅವರಲ್ಲಿ ಇದ್ದಾನೆಂದುಕೊಂಡು ಕೈಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ನನ್ನ ಕೈ ಸುಮ್ಮನಿರುವ ಕೈಯಲ್ಲ. ಅಪ್ಪನ ಬಳಿ ಮುತ್ಯಾನ ದಂಡಿನ ನಂಬರು ಇತ್ತು, ಆಯಿ ಮನಿಯಾರ್ಡರಿನ ಚೂರೊಂದನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಆ ನಂಬರು ಹಾಕಿ ಪಲ್ಟನ್ನಿನ ದಾಖಲೆ ಕಚೇರಿಗೆ ಬರೆದೆ. ಬಹಳ ತಿಂಗಳು ಉತ್ತರವಿಲ್ಲ. ಮತ್ತೆ ಬರೆದೆ, ಮತ್ತೆ ಬರೆದೆ. ಕೊನೆಗೆ ನಾಲ್ಕು ಸಾಲಿನ ಉತ್ತರ ಬಂತು.

ಮುತ್ಯಾ ಬಸ್ರಾದಲ್ಲಿ ಸತ್ತಿರಲಿಲ್ಲ. ಲಡಾಯಿ ಮುಗಿದ ಮೇಲೆ ಕರಾಚಿಗೆ ಬಂದು ಇಳಿದಿದ್ದ. ಅಲ್ಲೇ, ತಾನಾಗಿ ಕೇಳಿಕೊಂಡು, ದಂಡು ಬಿಟ್ಟಿದ್ದ. ಮುಂದಿನ ವಿಳಾಸ ಎಂದು ಬರೆದ ಕಡೆ ಸಿಂಧ್‌ನ ಒಂದು ತಾಲೂಕು, ಒಂದು ಹಳ್ಳಿ, ಸೈನಿಕರಿಗೆ ಕೊಟ್ಟ ಕಾಲುವೆ ಜಮೀನು ಎಂದಿತ್ತು. ಆಗ ಸಿಂಧ್ ಮತ್ತು ನಮ್ಮ ಜಿಲ್ಲೆ ಎರಡೂ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಮರಳುಗಾಡಿಗೆ ಹೊಸದಾಗಿ ಕಾಲುವೆ ತೋಡಿ, ದಂಡು ಬಿಟ್ಟವರಿಗೆ ಅಲ್ಲಿ ಜಮೀನು ಕೊಟ್ಟು, ಅಲ್ಲೇ ಮನೆ ಕಟ್ಟಿಕೊಂಡು ಇರಬೇಕೆಂಬ ಷರತ್ತು ಹಾಕುತ್ತಿದ್ದರಂತೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡದ್ದು. ಕಾಗದ ಕೈಗೆ ಬಂದ ದಿನ ನನಗೆ ತಿಳಿದದ್ದು ಒಂದೇ, ಅಪ್ಪ ಆರಿಸಿಕೊಂಡ ಉತ್ತರ ಸುಳ್ಳಾಗಿತ್ತು. ಎಲ್ಲವೂ ಗೊತ್ತಾಗುವವರೆಗೆ ಅಪ್ಪನಿಗೆ ಹೇಳುವುದು ಬೇಡ ಎಂದು ಸುಮ್ಮನಾದೆ.

ನಮ್ಮ ಆಫೀಸಿನ ಪ್ಲಾನಿಂಗ್ ಇಂಜಿನಿಯರ್ ಸಿಂಧ್‌ನವನು. ನನಗಿಂತ ಚಿಕ್ಕವನು, ನನ್ನನ್ನು ಬಾಜಿ, ಎಂದರೆ ಅಕ್ಕ, ಎಂದೇ ಕರೆಯುತ್ತಾನೆ. ಊಟದ ಹೊತ್ತಿನಲ್ಲಿ ಕಾಗದ ತೋರಿಸಿದೆ. ಅವನು ತಾಲೂಕಿನ ಹೆಸರು ಓದಿ ಡಬ್ಬಿ ಮುಚ್ಚಿಟ್ಟ.

“ಬಾಜಿ, ಇದು ನಮ್ಮ ಪಕ್ಕದ ತಾಲೂಕು. ನಮ್ಮ ಮಾಮ ಅಲ್ಲೇ ಇದ್ದಾರೆ,” ಎಂದ ಉರ್ದುವಿನಲ್ಲಿ. “ಏಳನೇ ನಂಬರಿನ ಫಾರಂ ತೆಗೆಸಿದರೆ ಎಲ್ಲ ಗೊತ್ತಾಗುತ್ತದೆ. ತಪೇದಾರ್‌ನ ಹತ್ತಿರ ಇರುತ್ತದೆ.”

ಅವರ ತಪೇದಾರ್ ನಮ್ಮ ತಲಾಠಿ. ಅವರ ಏಳನೇ ನಂಬರು ನಮ್ಮ ಉತಾರ. ಒಂದೇ ಸರಕಾರ ಮಾಡಿಟ್ಟ ಒಂದೇ ನಮೂನೆಯನ್ನು ಎರಡು ದೇಶದವರು ಇನ್ನೂ ತುಂಬುತ್ತ ಕೂತಿದ್ದೇವೆ ಎಂದು ಇಬ್ಬರೂ ನಕ್ಕೆವು. ನಾನು ನಕ್ಕದ್ದು ಅದೇ ಕೊನೆ.

ಎರಡು ವಾರ ಕಳೆದ ಮೇಲೆ ಅವನು ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತ. ಅವನು ಹಾಗೆ ಕೂರುವವನಲ್ಲ. ಫೋನಿನಲ್ಲಿ ಫೋಟೋ ತೆರೆದು ಸಿಂಧಿ ಅಕ್ಷರಗಳನ್ನು ಬೆರಳಿಟ್ಟು ಓದಿ ಹೇಳಿದ. ಮುತ್ಯಾನ ಹೆಸರು. ಅವನ ತಂದೆಯ ಹೆಸರು, ಸ್ವಲ್ಪ ಸೊಟ್ಟಗಾಗಿ. ಮೂಲ ಬಿಜಾಪುರ ಜಿಲ್ಲೆ. ನಂತರ, ಸತ್ತದ್ದರಿಂದ ಹೆಸರು ಕಡಿಮೆ ಮಾಡಿ ವಾರಸುದಾರರನ್ನು ಏರಿಸಿದೆ ಎಂಬ ನೋಂದಣಿ, ಅದರ ಇಸವಿ. ವಾರಸುದಾರರು ಒಬ್ಬ ವಿಧವೆ, ಮೂವರು ಗಂಡುಮಕ್ಕಳು. ಇಸವಿ ಕೇಳಿದೊಡನೆ ನಾನು ಮನಸ್ಸಿನಲ್ಲೇ ಕಳೆದೆ. ಆಯಿ ಸತ್ತ ಮೇಲೂ ಅವನು ನಾಲ್ಕೈದು ವರ್ಷ ಬದುಕಿದ್ದ.

“ಅವರ ಮಕ್ಕಳು ಜಮೀನು ಮಾರಿ ಹೋಗಿದ್ದಾರಂತೆ. ಎಲ್ಲಿಗೆ ಅಂತ ಮಾಮನಿಗೆ ಯಾರೂ ಹೇಳಲಿಲ್ಲ,” ಎಂದ ಅವನು. ಆಮೇಲೆ, “ಮಾಫ್ ಕರನಾ ಬಾಜಿ,” ಎಂದ. ಅವನೇಕೆ ಕ್ಷಮೆ ಕೇಳಬೇಕು ಎಂದು ನನಗೆ ಸಿಟ್ಟು ಬಂತು. ಸಿಟ್ಟು ಅವನ ಮೇಲಲ್ಲ.

ನನ್ನ ಗಂಡ ಉತ್ತರದ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟಿನ ಮೇಲಿದ್ದ. ಫೋನಿನಲ್ಲೇ ಎಲ್ಲ ಹೇಳಿದೆ. “ಬಸ್ರಾದಾಗ ಸತ್ತ ಅಂತ ಹೇಳಿಬಿಡು, ಖಲಾಸ್,” ಎಂದ. “ಮಾಮಾಗ ಬೇಕಾಗಿದ್ದು ಅದs ಅಲ್ಲ? ಎಡಿ ಇಡ್ತಾರ, ಸಮಾಧಾನ ಆಗತದ. ಖರೇ ಹೇಳಿ ಏನ್ ಮಾಡಾಕಿದ್ದಿ?” ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವುಕೈರ್ ಮುಟ್ಟುವವರೆಗೆ ಆ ಸುಳ್ಳನ್ನು ಬಾಯಲ್ಲಿ ಹೊರಳಿಸುತ್ತ ಬಂದೆ. ಸತ್ತವರ ಪಟ್ಟಿಯಲ್ಲಿ ಹೆಸರು ಸಿಕ್ಕಿತು ಅಪ್ಪಾ ಎಂದು ಶುರುಮಾಡುವುದು, ದಿನಾಂಕ ಕೇಳಿದರೆ ಒಂದು ದಿನಾಂಕ ಹೇಳುವುದು. ಕಾರು ನಿಲ್ಲಿಸುವ ಹೊತ್ತಿಗೆ ಹಾಗೇ ಮಾಡುವುದೆಂದು ಗಟ್ಟಿಮಾಡಿಕೊಂಡಿದ್ದೆ.

ಅಪ್ಪ ಸೋಫಾದ ಮೇಲೆ ಕೂತಿದ್ದ. ಮಗ್ಗುಲಿಗೆ ನನ್ನ ಮಗಳು ಶಾಲೆಯ ಅರಬಿ ಪುಸ್ತಕ ಬಿಡಿಸಿಕೊಂಡಿದ್ದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮಾತಾಡುವುದೂ ಅರ್ಧಂಬರ್ಧ. ಆದರೆ ಅಜ್ಜನಿಗೆ ಅರಬಿ ಅಂಕಿ ಕಲಿಸುವ ಹುಕಿ ಅವಳಿಗೆ ಬಂದು ಬಹಳ ದಿನವಾಗಿತ್ತು. “ಅಜ್ಜಾ, ದಿಸ್ ಈಸ್ ಸಿಕ್ಸ್. ನಮ್ಮ ಸೆವೆನ್ ಉಲ್ಟಾ ಮಾಡಿದಂಗ,” ಎನ್ನುತ್ತಿದ್ದಳು. ಲೆಕ್ಕಪತ್ರದಲ್ಲೇ ತಲೆ ನೆರೆದ ಅಪ್ಪ ಎರಡೇ ದಿನದಲ್ಲಿ ಕಲಿತು, ಅಂಗಡಿಗಳ ಬೆಲೆಚೀಟಿ ಓದಿ ನಮಗೆ ಹೇಳುತ್ತಿದ್ದ. ಇದು ನನಗೆ ಗೊತ್ತಿದ್ದೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ನನ್ನ ಮುಖ ನೋಡಿದವನೇ ಅಪ್ಪ ಕೇಳಿದ, “ಬಂತೇನು?”

“ಬಂದದ,” ಎಂದೆ.

“ಏನ್ ಬಂದದ ಅದನ್ನ ತೋರಸು. ಬಾಯಿಲೆ ಹೇಳಬ್ಯಾಡ.”

ಜೀವಮಾನವೆಲ್ಲ ಜನ ಬಾಯಿಂದ ಹೇಳಿದ್ದನ್ನು ನಂಬದೆ ಕಾಗದ ತಾ ಎಂದವನು ಅವನು. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಹೇಗೂ ಸಿಂಧಿ ಅಕ್ಷರ, ಅಪ್ಪನಿಗೆ ಏನು ತಿಳಿದೀತು, ಇದು ಬಸ್ರಾದ ಕಾಗದ ಎಂದರೂ ನಡೆದೀತು ಎಂದುಕೊಂಡು ಫೋನು ಕೈಗಿತ್ತೆ. ಮಾಡಿದ್ದು ಎಂಥ ಮೂರ್ಖತನ ಎಂದು ಮರುಗಳಿಗೆಯಲ್ಲೇ ಗೊತ್ತಾಯಿತು. ಅಪ್ಪ ಕನ್ನಡಕ ಮೇಲೇರಿಸಿ, ಎರಡು ಬೆರಳಿಂದ ಫೋಟೋ ದೊಡ್ಡದು ಮಾಡಿ, ಒಂದು ನಿಮಿಷ ಕೂಡ ನೋಡಿರಲಿಲ್ಲ.

“ಇದು ಉತಾರ,” ಎಂದ.

ನಾನು ಫೋನಿಗೆ ಕೈ ಚಾಚಿದೆ, ಅವನು ಕೊಡಲಿಲ್ಲ.

“ಅಕ್ಷರ ತುರುಕರದು ಇರಬಹುದು, ಗೆರಿ ಹೊಡದ ಮನಿ ನಮ್ಮದs ಹಾಕ್ಯಾರ. ಇದು ಸರ್ವೇ ನಂಬರು. ಇದು ಎಕರೆ, ಗುಂಟೆ. ಇದು ಕಬ್ಜೇದಾರ, ಹೊಲದ ಮಾಲಕ.” ಅವನ ಬೆರಳು ಕೋಷ್ಟಕದ ಒಂದೊಂದೇ ಮನೆಯ ಮೇಲೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು. “ಕಂಸ ಬಿದ್ದದ,” ಎಂದ. ಬೆರಳು ಕೆಳಗಿಳಿಸಿ, “ಕೆಳಗ ನಾಕು ಹೆಸರು ಅದಾವ. ಯಾರು ಇವರು?”

ಸುಳ್ಳು ಹೇಳುವ ದಾರಿಯೆಲ್ಲ ಮುಚ್ಚಿಹೋಗಿತ್ತು. ಮಗಳನ್ನು ಒಳಗೆ ಕಳಿಸಿ ಅಪ್ಪನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಕರಾಚಿ, ದಂಡು ಬಿಟ್ಟದ್ದು, ಕಾಲುವೆ ಜಮೀನು, ಅಲ್ಲಿನ ಹೆಂಡತಿ, ಮಕ್ಕಳು. ನಾನು ನಿಲ್ಲಿಸಿದ ಮೇಲೆ ಅಪ್ಪ ಕಂಸದ ಪಕ್ಕದ ನೋಂದಣಿಯ ಇಸವಿಯನ್ನು ಒಂದೊಂದೇ ಅಂಕಿಯಾಗಿ ಓದಿದ, ಮೊಮ್ಮಗಳು ಕಲಿಸಿದ ಹಾಗೆಯೇ.

“ಈ ಸಾಲಿನ್ಯಾಗ ನಾ ಏಳನೇತ್ತಾ, ಮುಲ್ಕಿ ಪರೀಕ್ಷಾ ಕಟ್ಟಿದ್ದೆ,” ಎಂದ. “ಆಯಿ ಹೋದಾಗ ಮೂರನೇತ್ತಾ.”

“ಹೌದಪ್ಪಾ.”

“ಹಂಗಾದ್ರ ಅವತ್ತು ಅಂವ ಇದ್ದ.”

“ಇದ್ದ.”

“ಅಕಿ ಹಣಿ ಒರಸಿದ್ರು. ಅಂವ ಇದ್ದ. ಅಲ್ಲಿ ಆರಾಮ ಉಂಡು ಮಲಗಿದ್ದ,” ಎಂದ ಅಪ್ಪ. ಅಳುತ್ತಾನೆಂದು ನಾನು ಕಾದೆ. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಫೋಟೋಗಳ ಜೊತೆ ಇನ್ನೊಂದು ಹಾಳೆ ಇತ್ತು, ಆ ಜಮೀನಿನಲ್ಲಿ ವರ್ಷವರ್ಷ ಏನು ಬೆಳೆದರೆಂದು ಬರೆದದ್ದು. ಅಪ್ಪ ಅದನ್ನೂ ತೆಗೆಸಿದ. ಬೆಳೆಯ ಮನೆಯಲ್ಲಿ ಏನಿದೆ ಎಂದು ಕೇಳಿದ. ಸಿಂಧಿ ಹುಡುಗ ಓದಿ ಹೇಳಿದ್ದು ನನಗೆ ನೆನಪಿತ್ತು. ಹೆಚ್ಚಿನದೆಲ್ಲ ಹತ್ತಿ, ಗೋಧಿ, ಒಂದು ಮೂಲೆಯಲ್ಲಿ ಮಾತ್ರ ಪ್ರತಿ ವರ್ಷ ಜೋಳ. ಅದನ್ನು ಹೇಳಿದರೆ ಅಪ್ಪನಿಗೆ ಸ್ವಲ್ಪ ಸಮಾಧಾನವಾದೀತು, ಮನುಷ್ಯ ನಮ್ಮ ಊಟ ಮರೆತಿರಲಿಲ್ಲ ಎಂದು ಅನ್ನಿಸೀತು ಎಂದುಕೊಂಡು ಹೇಳಿದೆ.

“ಜ್ವಾಳ ನೆನಪಿತ್ತು ಅಂವಗ,” ಎಂದು ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟ.

ಆ ದಿನದಿಂದ ಅಪ್ಪ ಮಾತು ಕಡಿಮೆ ಮಾಡಿದ. ಡಯಾಲಿಸಿಸ್‌ಗೆ ಹೋಗುವಾಗ ಬರುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಹೊರಗೆ ಸುಡು ಬಿಸಿಲು, ವುಕೈರ್‌ನಲ್ಲಿ ಎತ್ತ ನೋಡಿದರೂ ಕಟ್ಟುತ್ತಿರುವ ಮನೆಗಳ ಧೂಳು. ಮೊದಲಾದರೆ ಆ ಕಟ್ಟಡಗಳನ್ನು ನೋಡಿ ಇದು ಎಷ್ಟು ಗುಂಟೆ ಇದ್ದೀತು ಎಂದು ಅಂದಾಜು ಹಾಕುತ್ತಿದ್ದ, ಈಗ ಅದೂ ಇಲ್ಲ. ನಾನು ಹುಡುಕಬಾರದಾಗಿತ್ತು ಎಂದು ಗಂಡ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕೇಳಿದ್ದನ್ನು ಹುಡುಕಿಕೊಟ್ಟೆ, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡರೂ ಎದೆಯ ಭಾರ ಇಳಿಯಲಿಲ್ಲ. ಆ ಮುತ್ಯಾನನ್ನು ಒಂದು ದಿನವೂ ನೋಡದೆ ಇಷ್ಟು ದ್ವೇಷಿಸಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದು ಸಂಜೆ ಅಪ್ಪ ತಾನಾಗಿಯೇ ಕೇಳಿದ. “ಜಮೀನಿನ್ಯಾಗs ಇರಬೇಕು ಅಂತ ಕರಾರು ಹಾಕಿದ್ರು ಅಂದಿ?”

“ಹಾಕಿದ್ರಂತಪ್ಪಾ. ಮನಿ ಮಾಡಿಕೊಂಡು ಇರಬೇಕು ಅಂತ.”

“ಹಂಗಂದ್ರ ಹೇಣತೀನ್ನ ಕರಕೊಂಡು ಬಾ ಅಂತನs ಅರ್ಥ. ಒಂದು ಕಾಗದ ಬರದಿದ್ರ ಅಕಿ ನಡಕೋತ ಹೋಗತಿದ್ದಳು.”

ಅವನು ಯಾಕೆ ಬರೆಯಲಿಲ್ಲ ಎಂದು ಯಾವ ಕಚೇರಿಯ ಯಾವ ಕಾಗದದಲ್ಲೂ ಇರುವುದಿಲ್ಲ. ನಾಚಿಕೆಯೋ, ಮರೆವೋ, ಅಥವಾ ಅಲ್ಲಿ ಎಲ್ಲವೂ ಹೊಸದು, ಹಳೆಯದು ಬೇಡ ಎನ್ನಿಸಿತೋ. ಇಲ್ಲಿಗೆ ಬಂದ ಗಂಡಸರಲ್ಲೂ ಊರಿನ ಫೋನು ಎತ್ತುವುದನ್ನು ಮೆಲ್ಲಗೆ ಬಿಟ್ಟವರನ್ನು ನಾನು ನೋಡಿದ್ದೇನೆ. ಒಂದೇ ದಿನ ತೀರ್ಮಾನ ಮಾಡಿ ಯಾರೂ ಬಿಡುವುದಿಲ್ಲ. ಇವತ್ತು ಬೇಡ, ನಾಳೆ ಮಾಡಿದರಾಯಿತು ಎನ್ನುತ್ತ ಬಿಡುತ್ತಾರೆ.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ಎಡೆಯ ಮಾತನ್ನು ಅಪ್ಪ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿಂದಿನ ದಿನ ಮಾತ್ರ, “ಆಯಿ ಎಲಿಗೆ ಹಸರ ಬಳಿ, ಕುಬಸದ ಕಣ ತಂದೀಯೇನು?” ಎಂದು ಕೇಳಿದ. ಮುತ್ತೈದೆಯ ಬಳೆಯನ್ನೂ ರವಿಕೆ ಬಟ್ಟೆಯನ್ನೂ ತಂದಿದ್ದೆ. ಇಷ್ಟು ವರ್ಷ ಅವಳ ಎಲೆಗೆ ಅವನ್ನು ಇಡುತ್ತಿರಲಿಲ್ಲ. ಊರ ಹೆಂಗಸರು ಹಣೆ ಒರೆಸಿದ ಮೇಲೆ ಇಡುವುದೋ ಬಿಡುವುದೋ ತಿಳಿಯದೆ ಅಪ್ಪನ ಅಪ್ಪ ಬಿಟ್ಟಿದ್ದ, ಅದೇ ನಡೆದುಬಂದಿತ್ತು.

ಹಬ್ಬದ ದಿನ ರಜೆ ಹಾಕಿ ಅಡುಗೆ ಮಾಡಿದೆ. ಊರಲ್ಲಾದರೆ ಮುತ್ತಲದೆಲೆಯ ಪತ್ರಾವಳಿ, ಇಲ್ಲಿ ಮಲಯಾಳಿ ಅಂಗಡಿಯ ಬಾಳೆಎಲೆ. ಅಪ್ಪನಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂತು ಬಡಿಸಬಹುದು ಎಂದರೆ ಕೇಳಲಿಲ್ಲ. ನಾನೂ ನನ್ನ ಗಂಡನೂ ಎರಡೂ ತೋಳು ಹಿಡಿದು ಮೆಲ್ಲಗೆ ಕೂರಿಸಿದೆವು. ಆಯಿಗೆ ಒಂದು ಎಲೆ, ಅಪ್ಪನ ಅಪ್ಪ ಅವ್ವನಿಗೆ ಎರಡು, ನನ್ನ ಅವ್ವನಿಗೆ ಒಂದು. ಆಯಿಯ ಎಲೆಯ ಮುಂದೆ ಬಳೆ, ಕುಬುಸದ ಕಣ ಇಟ್ಟು ಅಪ್ಪ ನನ್ನ ಮಗಳನ್ನು ಕರೆದ. ಕುಂಕುಮ ಹಚ್ಚು ಎಂದ. ಎಲ್ಲಿಗೆ ಹಚ್ಚಬೇಕೆಂದು ಅವಳಿಗೆ ತಿಳಿಯಲಿಲ್ಲ. ನೆಲದ ಮೇಲೆ, ಎಲೆಯ ತುದಿಯಲ್ಲಿ ಅಪ್ಪ ಬೆರಳಿಟ್ಟು ತೋರಿಸಿದ ಕಡೆ ಹಚ್ಚಿದಳು.

“ಇನ್ನೊಂದು ಎಲಿ ಹಾಕು, ಯವ್ವಾ,” ಎಂದ ಅಪ್ಪ ನನಗೆ.

ನನ್ನ ಗಂಡ ನನ್ನ ಮುಖ ನೋಡಿದ. ನಾನು ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಕಿದೆ. ಅಪ್ಪ ಒಂದು ತುದಿಯಿಂದ ಬಡಿಸುತ್ತ ಬಂದ. ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಹೋಳಿಗೆ. ಯಾರಿಗೂ ಯಾವುದನ್ನೂ ಬಿಡಲಿಲ್ಲ. ಕೊನೆಯ ಎಲೆಯ ಹತ್ತಿರ ಬಂದಾಗ ಸೌಟು ಹಿಡಿದುಕೊಂಡು ಹಾಗೇ ಕೂತ. ಸುದ್ದಿ ಬರಲೆಂದು ಅವನು ಕಾದದ್ದು ಈ ಒಂದು ಎಲೆಗೆ. ಇದಕ್ಕಾಗಿ ಅವ್ವನ ಕೈಲಿ ಬೈಸಿಕೊಂಡಿದ್ದ, ಹೊಲದ ಪಾಲು ಬಿಟ್ಟಿದ್ದ, ಮಗಳ ಮನೆಗೆ ಬಂದಿದ್ದ. ಈಗ ಅವನ ಕೈ ಎಲೆಯ ಮೇಲೆ ಇಳಿಯಲೊಲ್ಲದು.

“ಬಿಡ್ರಿ ಮಾಮಾ,” ಎಂದ ನನ್ನ ಗಂಡ. “ಅವರಿಗೆ ಅಲ್ಲಿ ಮಕ್ಕಳು ಇದ್ದಾರಲ್ಲ, ಮಾಡಿರ್ತಾರ.”

ಅಪ್ಪ ತಲೆ ಅಲ್ಲಾಡಿಸಿದ. ಸೌಟನ್ನು ನನ್ನ ಕಡೆ ಚಾಚಿದ. “ನೀನs ಬಡಸು, ಯವ್ವಾ. ಆಯಿ ಮಾತು ಉಳೀಬೇಕು. ನನ್ನ ಕೈ ಒಲ್ಲೆ ಅಂತದ.”

ಹೆಣ್ಣುಮಕ್ಕಳು ಎಡೆ ಬಡಿಸುವುದಿಲ್ಲ ಎಂದು ನನಗೆ ಕಲಿಸಿದವನೇ ಅಪ್ಪ. ನಾನು ಸೌಟು ತೆಗೆದುಕೊಂಡೆ. ಅನ್ನ ಹಾಕಿದೆ, ಸಾರು ಹಾಕಿದೆ, ಪಲ್ಯ ಹಾಕಿದೆ, ಹೋಳಿಗೆ ಇಟ್ಟೆ. ಭಕ್ತಿ ಬರಲಿಲ್ಲ, ಕರುಣೆ ಬರಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಹಾಕಲು ಕೈ ಹೋಗಲಿಲ್ಲ. ತುಪ್ಪದ ಗಿಂಡಿಯನ್ನು ಹಾಗೇ ಕೆಳಗಿಟ್ಟೆ. ಅಪ್ಪ ನೋಡಿದ. ಗಿಂಡಿಯನ್ನು ತನ್ನ ಕಡೆ ಎಳೆದುಕೊಂಡು, ಆಯಿಯ ಎಲೆಯ ಹೋಳಿಗೆಯ ಮೇಲೆ, ಅದು ತುಂಬಿ ಎಲೆಯ ಮೇಲೆಲ್ಲ ಹರಿಯುವವರೆಗೆ, ಇದ್ದ ತುಪ್ಪವನ್ನೆಲ್ಲ ಸುರುವಿದ.